ಓದುಗರ ಪ್ರಶ್ನೆ: ಕ್ರೀಡಾಂಗಣದಿಂದ ಊರು ಬೆಳೆಯುತ್ತದೆಯೇ?

ನೀರ್ಚಾಲಿನಿಂದ ಬಂದ ಪತ್ರವೊಂದಕ್ಕೆ ಉತ್ತರ ಬರೆಯಲು ಕುಳಿತಾಗ ಅದೇ ವಿಷಯವನ್ನು ಬೇರೆ ಬೇರೆ ದಿಕ್ಕಿನಿಂದ ಮುಟ್ಟುವ ಇನ್ನೂ ನಾಲ್ಕು ಪತ್ರಗಳು ಕಡತದಲ್ಲಿ ಸಿಕ್ಕವು. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿ ಕೊಟ್ಟಿದ್ದೇನೆ. ಬರೆದವರ ಹೆಸರಿನ ಬದಲು ಊರಿನ ಹೆಸರನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಅಧ್ಯಾಪಕ. ನನ್ನ ತಂಗಿಯ ಮಗ ಅಮೆರಿಕದ ಅಲಬಾಮಾ ರಾಜ್ಯದ ಟಸ್ಕಲೂಸ ಎಂಬಲ್ಲಿ ಸಂಶೋಧನೆ ಮಾಡುತ್ತಿದ್ದಾನೆ. ಅಲ್ಲಿನ ವಿಶ್ವವಿದ್ಯಾನಿಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷ ಮಂದಿ ಕೂರುತ್ತಾರಂತೆ, ಊರಿನ ಜನಸಂಖ್ಯೆಯೇ ಅಷ್ಟಿಲ್ಲವಂತೆ. ಫುಟ್ಬಾಲ್ ತಂಡ ಗೆಲ್ಲತೊಡಗಿದ ಮೇಲೆ ಊರು ಬೆಳೆಯಿತು ಎಂದೂ ಹೇಳುತ್ತಾನೆ. ಅಳಿಯನ ಮಾತಿನಲ್ಲಿ ಉತ್ಪ್ರೇಕ್ಷೆ ಎಷ್ಟು, ಸತ್ಯ ಎಷ್ಟು? — ನೀರ್ಚಾಲು

ಉತ್ತರ: ಲೆಕ್ಕದ ಮಟ್ಟಿಗೆ ಅಳಿಯ ಹೇಳಿದ್ದರಲ್ಲಿ ತಪ್ಪಿಲ್ಲ, ಮಾಷ್ಟ್ರೇ. ಟಸ್ಕಲೂಸದ ಬ್ರಯಂಟ್–ಡೆನ್ನಿ ಕ್ರೀಡಾಂಗಣದಲ್ಲಿ 1,00,077 ಆಸನಗಳಿವೆ. 2020ರ ಜನಗಣತಿಯಲ್ಲಿ ಆ ನಗರದ ಜನಸಂಖ್ಯೆ 99,600. ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಇದನ್ನೂ ಮೀರಿಸುವ ಊರೊಂದಿದೆ. ಅದರ ಹೆಸರೇ ಸ್ಟೇಟ್ ಕಾಲೇಜ್. ಅಲ್ಲಿನ ನಿವಾಸಿಗಳು ಸುಮಾರು 40,500. ಊರಿಗೆ ತಾಗಿಕೊಂಡಿರುವ ಬೀವರ್ ಕ್ರೀಡಾಂಗಣದಲ್ಲಿ ಈಗಿನ ನವೀಕರಣಕ್ಕೆ ಮುನ್ನ ಇದ್ದ ಆಸನಗಳು 1,06,572. ಕಾಸರಗೋಡು ಪೇಟೆಯ ಜನರನ್ನೆಲ್ಲ ಕೂರಿಸಿದರೂ ಹೆಚ್ಚುಕಡಿಮೆ ಅರ್ಧ ಖಾಲಿ ಉಳಿಯುವಂಥ ಕ್ರೀಡಾಂಗಣ ಅದು.

ಮುಂದೆ ಹೋಗುವ ಮೊದಲು ಎರಡು ಶಬ್ದಗಳನ್ನು ಬಿಡಿಸಿಕೊಳ್ಳಬೇಕು. ನಾವು ಅಥ್ಲೆಟಿಕ್ಸ್ ಎಂದರೆ ಓಟ, ಜಿಗಿತ, ಎಸೆತ ಎಂದು ತಿಳಿಯುತ್ತೇವೆ. ಅಲ್ಲಿ ವಿಶ್ವವಿದ್ಯಾನಿಲಯದ ಎಲ್ಲ ಕ್ರೀಡೆಗಳನ್ನು ನಡೆಸುವ ವಿಭಾಗಕ್ಕೆ ಆ ಹೆಸರಿದೆ. ಫುಟ್ಬಾಲ್ ಕೂಡ ನಮ್ಮ ತೃಕ್ಕರಿಪುರದವರು ಪ್ರಾಣ ಬಿಡುವ ಆಟವಲ್ಲ. ಅದು ಮೊಟ್ಟೆಯಾಕಾರದ ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು, ಒಬ್ಬರ ಮೇಲೊಬ್ಬರು ಬಿದ್ದು, ಇಂಚಿಂಚಾಗಿ ಮುಂದೊತ್ತುವ ಅಮೆರಿಕದ್ದೇ ಆದ ಆಟ.

ಇಷ್ಟು ದೊಡ್ಡ ಕ್ರೀಡಾಂಗಣಗಳು ಚಿಕ್ಕ ಊರುಗಳಲ್ಲಿ ಯಾಕೆ ಎದ್ದವು ಎಂಬುದಕ್ಕೆ ಕಾರಣ ಹುಡುಕಿದರೆ ಆಟಕ್ಕಿಂತ ಹಿಂದೆ ಹೋಗಬೇಕಾಗುತ್ತದೆ. 1862ರಲ್ಲಿ ಅಬ್ರಹಾಂ ಲಿಂಕನ್ ಸಹಿ ಹಾಕಿದ ಮೊರಿಲ್ ಕಾಯಿದೆಯ ಪ್ರಕಾರ, ಕಾಂಗ್ರೆಸ್ ಎಂಬ ಅಲ್ಲಿನ ಸಂಸತ್ತಿನಲ್ಲಿ ಆಯಾ ರಾಜ್ಯಕ್ಕಿರುವ ಪ್ರತಿ ಸದಸ್ಯನ ಲೆಕ್ಕಕ್ಕೆ 30,000 ಎಕರೆಯಂತೆ ಸರ್ಕಾರಿ ಭೂಮಿಯನ್ನು ರಾಜ್ಯಗಳಿಗೆ ಕೊಡಲಾಯಿತು; ಅದನ್ನು ಮಾರಿ ಬಂದ ಹಣದಿಂದ ಬೇಸಾಯ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜುಗಳನ್ನು ನಡೆಸಬೇಕಿತ್ತು. ಬೇಸಾಯದ ಕಾಲೇಜು ಪೇಟೆಯ ನಡುವೆ ಇರುವುದಕ್ಕಿಂತ ಹೊಲಗಳ ನಡುವೆ ಇರುವುದು ಸಹಜ. ಸ್ಟೇಟ್ ಕಾಲೇಜಿನ ಸಂಸ್ಥೆ ಆ ಕಾಯಿದೆಗೂ ಮುಂಚೆ, 1855ರಲ್ಲಿ, ರೈತರ ಪ್ರೌಢಶಾಲೆ ಎಂಬ ಹೆಸರಿನಿಂದ ಶುರುವಾದದ್ದು. ಊರು ಹುಟ್ಟಿದ್ದು ಅದರ ಸುತ್ತ. ಟಸ್ಕಲೂಸದ ವಿಶ್ವವಿದ್ಯಾನಿಲಯ ಇನ್ನೂ ಹಳೆಯದು, 1831ರಲ್ಲಿ ಬಾಗಿಲು ತೆರೆದದ್ದು. ಅಲಬಾಮಾದಂಥ ರಾಜ್ಯದಲ್ಲಿ ವೃತ್ತಿಪರ ಲೀಗುಗಳ ದೊಡ್ಡ ತಂಡ ಯಾವುದೂ ಇಲ್ಲದ ಕಾರಣ, ಕಾಲೇಜಿನ ಮೆಟ್ಟಿಲನ್ನೇ ಹತ್ತದವರೂ ವಿಶ್ವವಿದ್ಯಾನಿಲಯದ ತಂಡವನ್ನು ತಮ್ಮದೆಂದು ಎತ್ತಿಕೊಂಡರು. ಕ್ರೀಡಾಂಗಣ ತುಂಬುವುದು ಊರಿನವರಿಂದಲ್ಲ, ಇಡೀ ರಾಜ್ಯದಿಂದ.

ಈಗ ಬೆಳವಣಿಗೆಯ ಮಾತು. ಅಳಿಯ ಹೇಳುವ ಕತೆ 2007ರಿಂದ ಶುರುವಾಗುತ್ತದೆ. ಆ ವರ್ಷ ನಿಕ್ ಸೇಬನ್ ಎಂಬವರು ಅಲ್ಲಿ ಮುಖ್ಯ ತರಬೇತುದಾರರಾಗಿ ಬಂದರು; 2024ರ ಜನವರಿಯಲ್ಲಿ ನಿವೃತ್ತರಾಗುವಷ್ಟರಲ್ಲಿ ತಂಡಕ್ಕೆ ಆರು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದುಕೊಟ್ಟಿದ್ದರು. ಅದೇ ಅವಧಿಯಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಸುಮಾರು 25,000ದಿಂದ 39,000 ದಾಟಿತು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾರಿಗಾದರೂ ಚೆಂಡೇ ಊರನ್ನು ಉರುಳಿಸಿಕೊಂಡು ಹೋಯಿತು ಎನಿಸುತ್ತದೆ.

ಆದರೆ ಕತೆಯನ್ನು ನಾಲ್ಕು ವರ್ಷ ಮೊದಲಿನಿಂದ ಓದಿದರೆ ಬೇರೆ ಅರ್ಥ ಹೊಳೆಯುತ್ತದೆ. 2003ರಲ್ಲಿ ರಾಬರ್ಟ್ ವಿಟ್ ಎಂಬವರು ವಿಶ್ವವಿದ್ಯಾನಿಲಯದ ಅಧ್ಯಕ್ಷರಾದಾಗ ಅಲ್ಲಿದ್ದ ವಿದ್ಯಾರ್ಥಿಗಳು ಸುಮಾರು 20,000. ಸಂಖ್ಯೆಯನ್ನು ಹೆಚ್ಚಿಸಲೇಬೇಕೆಂದು ಅವರು ಆಗಲೇ ನಿರ್ಧರಿಸಿದ್ದರು; ಬೇರೆ ರಾಜ್ಯಗಳ ಶಾಲೆಗಳಿಗೆ ಪ್ರತಿನಿಧಿಗಳನ್ನು ಕಳುಹಿಸಿದರು, ಹೆಚ್ಚು ಅಂಕದ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಟ್ಟರು, ಹಾಸ್ಟೆಲುಗಳನ್ನು ಕಟ್ಟಿಸಿದರು. ಹೊರರಾಜ್ಯದ ವಿದ್ಯಾರ್ಥಿ ಕಟ್ಟಬೇಕಾದ ಶುಲ್ಕ ಒಳರಾಜ್ಯದವರದಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು. 2008ರ ಆರ್ಥಿಕ ಕುಸಿತದ ನಂತರ ರಾಜ್ಯ ಸರ್ಕಾರದ ಅನುದಾನ ಕುಗ್ಗಿದಾಗ ಆ ಶುಲ್ಕವೇ ಆಸರೆಯಾಯಿತು. ಈಗ ಹೊಸದಾಗಿ ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಹೊರರಾಜ್ಯದವರು. ಶನಿವಾರಗಳಲ್ಲಿ ದೇಶವೆಲ್ಲ ಟೀವಿಯ ಮುಂದೆ ಕುಳಿತು ನೋಡುವ ಪಂದ್ಯ ಈ ಯೋಜನೆಗೆ ಸಿಕ್ಕ ಜಾಹೀರಾತು. ಬಾಗಿಲನ್ನು ಮೊದಲೇ ಅಗಲ ಮಾಡಿ ಇಟ್ಟಿದ್ದರಿಂದ ಜಾಹೀರಾತು ನೋಡಿ ಬಂದವರು ಒಳಗೆ ಹೋಗುವಂತಾಯಿತು.

ಜಾಹೀರಾತಿನ ಬಲ ಎಷ್ಟು ಎಂದು ಅಳೆದವರಿದ್ದಾರೆ. ಡೆವಿನ್ ಪೋಪ್ ಮತ್ತು ಜೇರನ್ ಪೋಪ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫುಟ್ಬಾಲ್ ಅಥವಾ ಬಾಸ್ಕೆಟ್‌ಬಾಲಿನಲ್ಲಿ ಮುಂಚೂಣಿಗೆ ಬಂದ ವಿಶ್ವವಿದ್ಯಾನಿಲಯಕ್ಕೆ ಬರುವ ಅರ್ಜಿಗಳು ಶೇಕಡಾ 2ರಿಂದ 8ರಷ್ಟು ಹೆಚ್ಚುತ್ತವೆ ಎಂದು ಕಂಡಿತು. ಹಾರ್ವರ್ಡಿನ ಡೌಗ್ ಚುಂಗ್ 2013ರಲ್ಲಿ, ಸಾಧಾರಣ ತಂಡವೊಂದು ಶ್ರೇಷ್ಠ ತಂಡವಾದರೆ ಅರ್ಜಿಗಳು ಶೇಕಡಾ 18ರಷ್ಟು ಏರಬಹುದು ಎಂದು ಲೆಕ್ಕ ಹಾಕಿದರು. ಅರ್ಜಿ ಹೆಚ್ಚುವುದು ಬೇರೆ, ಊರು ಬೆಳೆಯುವುದು ಬೇರೆ ಎಂಬುದನ್ನು ಮಾತ್ರ ಮರೆಯಬಾರದು. ಸೀಟುಗಳನ್ನು ಹೆಚ್ಚಿಸದ ಸಂಸ್ಥೆಗೆ ಅರ್ಜಿ ಹೆಚ್ಚಾದರೆ ಆಯ್ಕೆ ಕಠಿಣವಾಗುತ್ತದೆ, ಅಷ್ಟೆ. ಹೊರಗಿನ ಬೀದಿಯಲ್ಲಿ ಒಂದು ಅಂಗಡಿಯೂ ಹೊಸದಾಗಿ ತೆರೆಯುವುದಿಲ್ಲ.

ನೇರವಾಗಿ ಊರಿನ ಆದಾಯವನ್ನೇ ಅಳೆದವರು ರಾಬರ್ಟ್ ಬಾಡಿ, ರಾಬರ್ಟ್ ಬೌಮನ್ ಮತ್ತು ವಿಕ್ಟರ್ ಮ್ಯಾಥಸನ್ ಎಂಬ ಅರ್ಥಶಾಸ್ತ್ರಜ್ಞರು. ದೊಡ್ಡ ಫುಟ್ಬಾಲ್ ತಂಡಗಳಿರುವ 63 ನಗರ ಪ್ರದೇಶಗಳ 1970ರಿಂದ 2004ರ ವರೆಗಿನ ಅಂಕಿಗಳನ್ನು ನೋಡಿ, ತವರಿನಲ್ಲಿ ಆಡಿದ ಪಂದ್ಯಗಳ ಸಂಖ್ಯೆಯಾಗಲಿ, ಗೆಲುವಿನ ಪ್ರಮಾಣವಾಗಲಿ, ರಾಷ್ಟ್ರೀಯ ಪ್ರಶಸ್ತಿಯೇ ಆಗಲಿ ಆ ನಗರದ ಉದ್ಯೋಗದ ಮೇಲೂ ಜನರ ಆದಾಯದ ಮೇಲೂ ಗುರುತಿಸಬಹುದಾದ ಪರಿಣಾಮ ಬೀರಿಲ್ಲ ಎಂದು ಅವರು ಹೇಳಿದರು. ಟಸ್ಕಲೂಸದ ವಿಷಯದಲ್ಲಿ ಇನ್ನೊಂದು ಸಂಗತಿಯನ್ನೂ ಸೇರಿಸಬೇಕು. ಅದೇ ಜಿಲ್ಲೆಯ ವ್ಯಾನ್ಸ್ ಎಂಬಲ್ಲಿ ಮರ್ಸಿಡಿಸ್–ಬೆಂಜ್ ಕಂಪೆನಿಯ ಕಾರು ಕಾರ್ಖಾನೆ 1997ರಲ್ಲಿ ಉತ್ಪಾದನೆ ಆರಂಭಿಸಿತು. ಸಾವಿರಾರು ಮಂದಿಗೆ ತಿಂಗಳ ಸಂಬಳ ಕೊಡುವ ಕಾರ್ಖಾನೆಯನ್ನು ಮರೆತು ಎಲ್ಲ ಶ್ರೇಯಸ್ಸನ್ನೂ ತರಬೇತುದಾರರಿಗೆ ಕೊಡುವುದು ನ್ಯಾಯವಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಅರ್ಥವತ್ತಾದ ವಿವರ ಜನಗಣತಿಯದ್ದು. 2020ರಲ್ಲಿ ಎಣಿಕೆ ನಡೆಯುವ ಹೊತ್ತಿಗೆ ಕೊರೋನಾದಿಂದಾಗಿ ಬಹಳಷ್ಟು ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಗಳಿಗೆ ಹೋಗಿದ್ದರು. ತನ್ನ ಜನಸಂಖ್ಯೆ ಕಡಿಮೆ ಎಣಿಕೆಯಾಗಿದೆ ಎಂದು ಟಸ್ಕಲೂಸ ನಗರಾಡಳಿತ ತಕರಾರು ಎತ್ತಿತು. ಆ ಎಣಿಕೆಯನ್ನೇ ಹಿಡಿದರೂ, 2000ದಲ್ಲಿ 77,906 ಇದ್ದ ಜನಸಂಖ್ಯೆ ಇಪ್ಪತ್ತು ವರ್ಷಗಳಲ್ಲಿ 99,600 ಆಯಿತು ಎಂದರೆ ಏರಿದ್ದು ಸುಮಾರು 21,700. ಹೆಚ್ಚುಕಡಿಮೆ ಅದೇ ಅವಧಿಯಲ್ಲಿ ವಿದ್ಯಾರ್ಥಿಗಳು ಏರಿದ್ದು ಅದಕ್ಕೆ ಹತ್ತಿರದ ಸಂಖ್ಯೆಯಲ್ಲಿ. ಎಲ್ಲ ವಿದ್ಯಾರ್ಥಿಗಳೂ ನಗರದ ಗಡಿಯೊಳಗೇ ಇರುವುದಿಲ್ಲವಾದ್ದರಿಂದ ಎರಡನ್ನೂ ಸಮ ಎನ್ನುವಂತಿಲ್ಲ, ಆದರೂ ಅಳಿಯನಿಗೆ ಈ ಎರಡು ಅಂಕಿಗಳನ್ನು ತೋರಿಸಿ. ವರ್ಷಕ್ಕೆ ಹತ್ತು ತಿಂಗಳು ಅಲ್ಲೇ ಉಂಡು, ಬಾಡಿಗೆ ಕೊಟ್ಟು, ಬಟ್ಟೆ ಒಗೆಸಿಕೊಂಡು ಬದುಕುವ ಹುಡುಗ ಹುಡುಗಿಯರಿಂದ ಆ ಊರು ಬೆಳೆಯಿತು. ಅವರಲ್ಲಿ ಕೆಲವರನ್ನು ಕರೆತಂದದ್ದು ಆಟ.

ಪ್ರಶ್ನೆ: ಕುಂಬಳೆ ಪೇಟೆಯಲ್ಲಿ ನನ್ನದೊಂದು ಸಣ್ಣ ಹೋಟೆಲಿದೆ. ಒಂದು ಲಕ್ಷ ಜನ ಸೇರಿದರೆ ಆ ಒಂದು ದಿನದ ವ್ಯಾಪಾರವೇ ವರ್ಷಕ್ಕೆ ಸಾಕಲ್ಲವೇ? ಅರ್ಥಶಾಸ್ತ್ರಜ್ಞರು ಲಾಭವಿಲ್ಲ ಎಂದರೆ ಹೇಗೆ ಒಪ್ಪುವುದು? — ಕುಂಬಳೆ

ಉತ್ತರ: ನಿಮ್ಮಂಥವರಿಗೆ ಲಾಭವಿಲ್ಲ ಎಂದು ಯಾರೂ ಹೇಳಿಲ್ಲ. ಕ್ರೀಡಾಂಗಣದ ಸುತ್ತಲಿನ ಹೋಟೆಲು, ವಸತಿಗೃಹ, ಬಾರುಗಳಿಗೆ ಆ ದಿನಗಳು ಸುಗ್ಗಿಯೇ ಸರಿ. 2020ರಲ್ಲಿ ಪ್ರೇಕ್ಷಕರಿಲ್ಲದೆ ಪಂದ್ಯ ನಡೆದಾಗ ಸ್ಟೇಟ್ ಕಾಲೇಜಿನಂಥ ಊರುಗಳ ವ್ಯಾಪಾರಿಗಳು ಕಂಗೆಟ್ಟಿದ್ದರು. ಆದರೆ ತವರಿನಲ್ಲಿ ನಡೆಯುವ ಪಂದ್ಯಗಳು ವರ್ಷಕ್ಕೆ ಆರೋ ಏಳೋ ಮಾತ್ರ, ಅದೂ ಸೆಪ್ಟೆಂಬರಿನಿಂದ ನವೆಂಬರಿನೊಳಗೆ. 2025ರಲ್ಲಿ ಮಧೂರು ದೇವಸ್ಥಾನದಲ್ಲಿ ಮೂಡಪ್ಪ ಸೇವೆ ನಡೆದಾಗ ಸೇರಿದ ಜನಸಾಗರವನ್ನು ನೀವೂ ಕಂಡಿರಬಹುದು. ಆ ದಿನಗಳಲ್ಲಿ ಕಬ್ಬಿನ ಹಾಲು ಮಾರಿದವನಿಗೆ ಕೈತುಂಬ ಕಾಸು ಸಿಕ್ಕಿರುತ್ತದೆ. ಅದನ್ನು ನಂಬಿ ಅಲ್ಲೇ ಒಂದು ಕಾಯಂ ಕಟ್ಟಡ ಎಬ್ಬಿಸಲು ನೀವಾದರೂ ಧೈರ್ಯ ಮಾಡುತ್ತಿದ್ದಿರಾ?

ಇನ್ನೂ ಎರಡು ಸೋರಿಕೆಗಳಿವೆ. ಪಂದ್ಯ ನೋಡಲು ಬರುವವರಲ್ಲಿ ಬಹಳ ಮಂದಿ ಬೆಳಗ್ಗೆಯೇ ವಾಹನ ನಿಲ್ಲಿಸುವ ಬಯಲಿಗೆ ಬಂದು, ಗಾಡಿಯ ಹಿಂಬಾಗಿಲು ತೆರೆದು, ಮನೆಯಿಂದ ತಂದ ಒಲೆಯ ಮೇಲೆ ತಾವೇ ಮಾಂಸ ಸುಟ್ಟುಕೊಂಡು ತಿನ್ನುತ್ತಾರೆ. ಅದು ಅಲ್ಲಿನ ದೊಡ್ಡ ಸಂಪ್ರದಾಯ. ಹೋಟೆಲಿನವರಿಗೆ ಅದರಿಂದ ಬರುವುದು ಹೊಗೆ ಮಾತ್ರ. ಎರಡನೆಯದಾಗಿ, ಸಂದಣಿಗೆ ಹೆದರಿ ಊರಿನವರು ಆ ದಿನ ಪೇಟೆಗೆ ಇಳಿಯುವುದಿಲ್ಲ. ಬಟ್ಟೆ ಅಂಗಡಿ, ಪೀಠೋಪಕರಣದ ಅಂಗಡಿಗಳಿಗೆ ಪಂದ್ಯದ ಶನಿವಾರ ನಷ್ಟದ ದಿನ. ಒಬ್ಬನ ಗಲ್ಲಾಪೆಟ್ಟಿಗೆಗೆ ಬಂದದ್ದು ಇನ್ನೊಬ್ಬನದರಿಂದ ಹೋದದ್ದೇ ಆಗಿದ್ದರೆ ಊರಿನ ಒಟ್ಟು ಲೆಕ್ಕದಲ್ಲಿ ಅದು ಕಾಣಿಸಿಕೊಳ್ಳುವುದಾದರೂ ಹೇಗೆ?

ಪ್ರಶ್ನೆ: ವಿದ್ಯಾನಗರದ ಸರ್ಕಾರಿ ಕಾಲೇಜಿನಲ್ಲಿ ಪದವಿ ಓದುತ್ತಿದ್ದೇನೆ, 800 ಮೀಟರ್ ಓಡುತ್ತೇನೆ. ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಆಡುವ ವಿದ್ಯಾರ್ಥಿಗಳಿಗೆ ಸಂಬಳ ಕೊಡುತ್ತಾರೆಂದು ಗೆಳೆಯರು ಹೇಳುತ್ತಾರೆ. ನಿಜವೇ? ನಮ್ಮಲ್ಲಿ ಯಾಕೆ ಇಲ್ಲ? — ವಿದ್ಯಾನಗರ

ಉತ್ತರ: ಬಹಳ ಕಾಲ ಕೊಡುತ್ತಿರಲಿಲ್ಲ. 1906ರಲ್ಲಿ ಹುಟ್ಟಿದ ಅಲ್ಲಿನ ಕಾಲೇಜು ಕ್ರೀಡಾ ಸಂಘಟನೆ, ಆಟಗಾರ ಹವ್ಯಾಸಿಯಾಗಿಯೇ ಇರಬೇಕು ಎಂದು ನಿಯಮ ಮಾಡಿತ್ತು. ಶುಲ್ಕ, ಊಟ, ವಸತಿಯನ್ನು ವಿದ್ಯಾರ್ಥಿವೇತನವಾಗಿ ಕೊಡಬಹುದಿತ್ತೇ ಹೊರತು ಕೈಗೆ ದುಡ್ಡು ಕೊಡುವಂತಿರಲಿಲ್ಲ. ಅದೇ ಹೊತ್ತಿಗೆ ತರಬೇತುದಾರನ ವಾರ್ಷಿಕ ಸಂಬಳ ಕೋಟಿ ಡಾಲರನ್ನು ದಾಟಿತ್ತು ಎಂಬುದನ್ನು ಗಮನಿಸಿದರೆ, ಆ ನಿಯಮದಲ್ಲಿ ಆದರ್ಶ ಎಷ್ಟಿತ್ತು, ಅನುಕೂಲ ಎಷ್ಟಿತ್ತು ಎಂದು ನೀವೇ ತೂಗಬಹುದು. 2021ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಓದಿಗೆ ಸಂಬಂಧಿಸಿದ ಸವಲತ್ತುಗಳಿಗೆ ಸಂಘಟನೆ ಮಿತಿ ಹಾಕುವಂತಿಲ್ಲ ಎಂದು ಸರ್ವಾನುಮತದ ತೀರ್ಪು ಕೊಟ್ಟಿತು. ಜುಲೈ 1ರಿಂದ ಆಟಗಾರರು ತಮ್ಮ ಹೆಸರು ಮತ್ತು ಭಾವಚಿತ್ರವನ್ನು ಜಾಹೀರಾತಿಗೆ ಕೊಟ್ಟು ಸಂಪಾದಿಸಲು ಅನುಮತಿ ಸಿಕ್ಕಿತು. ನಂತರ ಇನ್ನೊಂದು ಮೊಕದ್ದಮೆಯ ರಾಜಿಯ ಫಲವಾಗಿ, 2025ರ ಜುಲೈಯಿಂದ ವಿಶ್ವವಿದ್ಯಾನಿಲಯವೇ ತನ್ನ ಕ್ರೀಡಾ ಆದಾಯದಿಂದ ವರ್ಷಕ್ಕೆ ಸುಮಾರು 2.05 ಕೋಟಿ ಡಾಲರಿನವರೆಗೆ ಆಟಗಾರರಿಗೆ ಹಂಚಬಹುದಾಗಿದೆ. ಇದರ ದೊಡ್ಡ ಪಾಲು ಫುಟ್ಬಾಲಿಗೆ, ಉಳಿದದ್ದರಲ್ಲಿ ಹೆಚ್ಚಿನದು ಬಾಸ್ಕೆಟ್‌ಬಾಲಿಗೆ ಹೋಗುತ್ತದೆ. ನಿಮ್ಮ ಹಾಗೆ 800 ಮೀಟರ್ ಓಡುವವರಿಗೆ ಅಲ್ಲೂ ಸಿಗುವುದು ಚೂರುಪಾರು.

ಇದೆಲ್ಲ ಲಾಭದ ವ್ಯವಹಾರ ಎಂದೂ ತಿಳಿಯಬೇಡಿ. 2019ರಲ್ಲಿ ಅತ್ಯುನ್ನತ ಮಟ್ಟದಲ್ಲಿ ಫುಟ್ಬಾಲ್ ಆಡುವ ಸುಮಾರು 130 ವಿಶ್ವವಿದ್ಯಾನಿಲಯಗಳ ಪೈಕಿ ಸ್ವಂತ ಸಂಪಾದನೆಯಿಂದ ಖರ್ಚು ತೂಗಿಸಿದವು 25 ಮಾತ್ರ. ಉಳಿದವು ಸಂಸ್ಥೆಯ ಹಣದಿಂದಲೋ ವಿದ್ಯಾರ್ಥಿಗಳಿಂದ ವಸೂಲಿ ಮಾಡುವ ಕ್ರೀಡಾ ಶುಲ್ಕದಿಂದಲೋ ಕೊರತೆ ತುಂಬುತ್ತವೆ. ಗ್ರಂಥಾಲಯದಲ್ಲಿ ಕುಳಿತು ಓದುವ ಹುಡುಗಿ, ತಾನು ನೋಡದ ಪಂದ್ಯದ ಖರ್ಚನ್ನು ತನ್ನ ಶಿಕ್ಷಣ ಸಾಲದಿಂದ ಭರಿಸುತ್ತಾಳೆ ಎಂದರೆ ಅದು ಅಲ್ಲಿನ ಹಲವು ಕಡೆ ಅಕ್ಷರಶಃ ನಿಜ.

ನಮ್ಮಲ್ಲಿ ಯಾಕಿಲ್ಲ ಎಂದರೆ, ನಮ್ಮ ವಿಶ್ವವಿದ್ಯಾನಿಲಯದ ಪಂದ್ಯಗಳನ್ನು ದುಡ್ಡು ಕೊಟ್ಟು ನೋಡುವವರಿಲ್ಲ. ಅಂತರ ವಿಶ್ವವಿದ್ಯಾನಿಲಯ ಕ್ರೀಡಾಕೂಟಗಳನ್ನು ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘ ನಡೆಸುತ್ತದೆ. ಒಟ್ಟಾರೆ ಸಾಧನೆಗೆ ಕೇಂದ್ರ ಸರ್ಕಾರ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ ಕೊಡುತ್ತದೆ, ಅದನ್ನು ಅತಿ ಹೆಚ್ಚು ಸಲ ಗೆದ್ದದ್ದು ಅಮೃತಸರದ ಗುರುನಾನಕ್ ದೇವ್ ವಿಶ್ವವಿದ್ಯಾನಿಲಯ. 2020ರಲ್ಲಿ ಭುವನೇಶ್ವರದಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕ್ರೀಡಾಕೂಟ ಶುರುವಾದ ಮೇಲೆ ಟೀವಿಯಲ್ಲಿ ಸ್ವಲ್ಪ ಕಾಣಿಸಿಕೊಳ್ಳುವಂತಾಗಿದೆ. ನಮ್ಮ ಭಾಗದಲ್ಲಿ ಓಟಗಾರರನ್ನು ಬೆಳೆಸಿದ್ದು ಬಹುಪಾಲು ಸರ್ಕಾರದ ಕ್ರೀಡಾ ಹಾಸ್ಟೆಲುಗಳು. ಪಿ.ಟಿ. ಉಷಾ 1976ರಲ್ಲಿ ಸೇರಿದ್ದು ಕಣ್ಣೂರಿನ ಸ್ಪೋರ್ಟ್ಸ್ ಡಿವಿಜನ್ನಿಗೆ. ಆಗ ಕಣ್ಣೂರು ವಿಶ್ವವಿದ್ಯಾನಿಲಯ ಹುಟ್ಟುವುದಕ್ಕೆ ಇನ್ನೂ ಇಪ್ಪತ್ತು ವರ್ಷ ಬಾಕಿ ಇತ್ತು. ನೀವು ಗ್ರೇಸ್ ಮಾರ್ಕ್ ಮತ್ತು ಕ್ರೀಡಾ ಕೋಟಾದ ಆಚೆಗೆ ಏನನ್ನಾದರೂ ಬಯಸುವುದಾದರೆ, ಹತ್ತಿರದ ವಿಶ್ವವಿದ್ಯಾನಿಲಯ ತಂಡದ ಆಯ್ಕೆಯನ್ನು ತಪ್ಪಿಸಿಕೊಳ್ಳಬೇಡಿ. ರೈಲ್ವೆಯಂಥ ಇಲಾಖೆಗಳು ಕ್ರೀಡಾ ನೇಮಕಾತಿಯಲ್ಲಿ ಅಂತರ ವಿಶ್ವವಿದ್ಯಾನಿಲಯ ಮಟ್ಟದ ಸಾಧನೆಯನ್ನೂ ಪರಿಗಣಿಸುತ್ತವೆ.

ಪ್ರಶ್ನೆ: ಪೆರಿಯದಲ್ಲಿ ಹೆದ್ದಾರಿಯಿಂದ ತುಸು ಒಳಗೆ ನಮಗೆ 40 ಸೆಂಟ್ಸ್ ರಬ್ಬರ್ ಜಾಗವಿದೆ. ಕೇಂದ್ರೀಯ ವಿಶ್ವವಿದ್ಯಾನಿಲಯಕ್ಕೆ ದೊಡ್ಡ ಕ್ರೀಡಾ ಸಂಕೀರ್ಣ ಬರುತ್ತದೆ, ಆಗ ಜಾಗಕ್ಕೆ ಬಂಗಾರದ ಬೆಲೆ ಬರುತ್ತದೆ ಎಂದು ಬ್ರೋಕರ್ ಒಬ್ಬರು ಹೇಳುತ್ತಿದ್ದಾರೆ. ಮರ ಕಡಿದು, ಸಾಲ ಮಾಡಿ ಬಾಡಿಗೆ ಕ್ವಾರ್ಟರ್ಸ್ ಕಟ್ಟಿಸೋಣ ಎಂದು ಮಗ ಒತ್ತಾಯಿಸುತ್ತಿದ್ದಾನೆ. ಏನು ಮಾಡಲಿ? — ಪೆರಿಯ

ಉತ್ತರ: ಅಮ್ಮಾ, ಬ್ರೋಕರ್ ಹೇಳಿದ ಸಂಕೀರ್ಣದ ಮೇಲೆ ಒಂದು ರೂಪಾಯಿ ಸಾಲವನ್ನೂ ಮಾಡಬೇಡಿ. ಟೆಂಡರು ಆಗಿ, ಕೆಲಸ ಶುರುವಾಗಿ, ಕಾಂಕ್ರೀಟ್ ಕಣ್ಣಿಗೆ ಕಾಣುವವರೆಗೆ ಯಾವ ಸಂಕೀರ್ಣವೂ ಸಂಕೀರ್ಣವಲ್ಲ. ಅದು ಬಂದೇ ಬಂದರೂ ನಿಮ್ಮ ಕ್ವಾರ್ಟರ್ಸಿನ ಬಾಡಿಗೆಗೆ ಅದರಿಂದ ಆಗುವ ಉಪಕಾರ ಅಲ್ಪ. ನೀವು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ವಿದ್ಯಾರ್ಥಿಗಳು ರಾತ್ರಿ ಎಲ್ಲಿ ಮಲಗುತ್ತಾರೆ?

2009ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾನಿಲಯ ಮೊದಲು ವಿದ್ಯಾನಗರದ ಬಾಡಿಗೆ ಕಟ್ಟಡದಲ್ಲೂ ಪಡನ್ನಕ್ಕಾಡಿನ ತಾತ್ಕಾಲಿಕ ಕ್ಯಾಂಪಸ್ಸಿನಲ್ಲೂ ನಡೆಯುತ್ತಿತ್ತು. ಆಗ ವಿದ್ಯಾರ್ಥಿಗಳು ಊರಿನ ನಡುವೆಯೇ ಇದ್ದರು. ತೇಜಸ್ವಿನಿ ಹಿಲ್ಸ್ ಎಂದು ಹೆಸರಿಟ್ಟ ಪೆರಿಯದ 310 ಎಕರೆಗೆ ಹೋದ ಮೇಲೆ ತರಗತಿ, ಹಾಸ್ಟೆಲು, ಊಟದ ಮೆಸ್ಸು ಎಲ್ಲವೂ ಒಂದೇ ಗುಡ್ಡದ ಮೇಲೆ ಸೇರಿಕೊಂಡವು. ಅಲ್ಲಿ ಎಷ್ಟು ಹಾಸ್ಟೆಲು ಹೆಚ್ಚುತ್ತವೆಯೋ ನಿಮ್ಮ ಕ್ವಾರ್ಟರ್ಸಿಗೆ ಗಿರಾಕಿ ಅಷ್ಟು ಕಡಿಮೆಯಾಗುತ್ತಾರೆ. ಇದರಲ್ಲಿ ವಿಶ್ವವಿದ್ಯಾನಿಲಯದ ತಪ್ಪೇನೂ ಇಲ್ಲ. ಬೇರೆ ಬೇರೆ ರಾಜ್ಯಗಳಿಂದ ಬರುವ ಹೆಣ್ಣುಮಕ್ಕಳಿಗೆ ಒಳಗೇ ವಸತಿ ಕೊಡುವುದು ಅದರ ಕರ್ತವ್ಯ.

ಹತ್ತಿರದ ಎರಡು ಉದಾಹರಣೆಗಳನ್ನು ನೋಡಿ. ಕಾಸರಗೋಡಿನ ವಿದ್ಯಾನಗರಕ್ಕೆ ಆ ಹೆಸರು ಬಂದದ್ದೇ 1957ರಲ್ಲಿ ಆರಂಭವಾದ ಸರ್ಕಾರಿ ಕಾಲೇಜಿನ ದೆಸೆಯಿಂದ. ಆದರೆ ಅಲ್ಲಿ ಜನವಸತಿ ದಟ್ಟವಾದದ್ದು 1984ರಲ್ಲಿ ಜಿಲ್ಲೆ ರಚನೆಯಾಗಿ ಜಿಲ್ಲಾಧಿಕಾರಿ ಕಚೇರಿ ಅತ್ತ ಹೋದ ಮೇಲೆ. ನಗರಸಭೆಯ ಕ್ರೀಡಾಂಗಣವೂ ಅಲ್ಲೇ ಇದೆ. ಅದನ್ನು ನೋಡಿ ಮನೆ ಕಟ್ಟಿದವರನ್ನು ನಾನಂತೂ ಕಂಡಿಲ್ಲ. ಬೆಳಗ್ಗೆ ನಡೆಯಲು ಅನುಕೂಲವಾಯಿತು ಎಂದು ಹೇಳುವವರು ಬೇಕಾದಷ್ಟು ಮಂದಿ ಸಿಗುತ್ತಾರೆ, ಅದೂ ಸಣ್ಣ ಮಾತಲ್ಲ. ಇನ್ನೊಂದು ಮಣಿಪಾಲ. 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಬರುವ ಮುಂಚೆ ಮುಳಿಹುಲ್ಲಿನ ಬೋಳುಗುಡ್ಡವಾಗಿದ್ದ ಆ ಜಾಗ ಇಂದು ನಮ್ಮ ಕರಾವಳಿಯ ನಿಜವಾದ ಕಾಲೇಜು ಪಟ್ಟಣ. ಯಾವ ತಂಡದ ಗೆಲುವೂ ಅದನ್ನು ಬೆಳೆಸಿದ್ದಲ್ಲ. ಅಲ್ಲಿ ಕಾಲೇಜಿನ ಜೊತೆಗೆ ಆಸ್ಪತ್ರೆಯಿತ್ತು. ವಿದ್ಯಾರ್ಥಿಗಳು ರಜೆಗೆ ಹೋದರೂ ರೋಗಿಗಳು, ಅವರ ಜೊತೆಗೆ ಬಂದವರು, ದಾದಿಯರು, ವೈದ್ಯರು ವರ್ಷವಿಡೀ ಇರುತ್ತಿದ್ದರು. ಅಂಗಡಿಯವನಿಗೆ ಬೇಕಾದದ್ದು ಈ ಬಿಡುವಿಲ್ಲದ ಓಡಾಟ. ಮಂಗಳೂರಿನ ಹತ್ತಿರದ ದೇರಳಕಟ್ಟೆಯ ಕತೆಯೂ ಅದೇ.

ಬೆಳೆದ ಊರಿಗೂ ಅದರದೇ ತಾಪತ್ರಯಗಳಿವೆ. ಟಸ್ಕಲೂಸದಲ್ಲಿ ಹೊರಗಿನ ಕಂಪೆನಿಗಳು ವಿದ್ಯಾರ್ಥಿಗಳಿಗೆಂದೇ ಭಾರಿ ವಸತಿ ಸಮುಚ್ಚಯಗಳನ್ನು ಕಟ್ಟುತ್ತಾ ಹೋಗಿ, ಸ್ಥಳೀಯರ ಹಳೆಯ ಬಾಡಿಗೆ ಮನೆಗಳು ಖಾಲಿ ಬೀಳುವ ಭಯ ಹುಟ್ಟಿತು. ನಗರಾಡಳಿತ ಅಂಥ ಕಟ್ಟಡಗಳಿಗೆ ಕೆಲಕಾಲ ತಡೆ ಹಾಕಬೇಕಾಯಿತು. ನಿಮ್ಮ ಮಗ ನಾಲ್ಕು ಕೋಣೆಯ ಕ್ವಾರ್ಟರ್ಸ್ ಕಟ್ಟಿದ ಮರುವರ್ಷ ಹೆದ್ದಾರಿಯ ಬದಿಯಲ್ಲಿ ಲಿಫ್ಟ್ ಇರುವ ಐದು ಮಾಳಿಗೆಯ ಹಾಸ್ಟೆಲು ಎದ್ದರೆ ಸಾಲದ ಕಂತನ್ನು ರಬ್ಬರಿನ ಹಾಲಿನಿಂದ ಕಟ್ಟುವ ಹಾಗೂ ಇರುವುದಿಲ್ಲ, ಮರ ಕಡಿದಾಗಿರುತ್ತದೆ.

ಹಾಗೆಂದು ಏನೂ ಮಾಡಬೇಡಿ ಎನ್ನುತ್ತಿಲ್ಲ. ಮಗನನ್ನು ಒಂದು ವಾರ ಸಂಜೆಯ ಹೊತ್ತು ಕ್ಯಾಂಪಸ್ಸಿನ ದ್ವಾರದ ಬಳಿ ನಿಲ್ಲಲು ಹೇಳಿ. ಎಷ್ಟು ಮಂದಿ ಬಸ್ಸು ಹತ್ತಿ ಕಾಞಂಗಾಡಿಗೋ ಕಾಸರಗೋಡಿಗೋ ಹೋಗುತ್ತಾರೆ, ಎಷ್ಟು ಮಂದಿ ನಡೆದುಕೊಂಡು ಹತ್ತಿರದ ಬಾಡಿಗೆ ಕೋಣೆಗೆ ಹೋಗುತ್ತಾರೆ, ಇರುವ ಕ್ವಾರ್ಟರ್ಸ್‌ಗಳಲ್ಲಿ ಎಷ್ಟು ಖಾಲಿ ಇವೆ ಎಂದು ಅವನೇ ಎಣಿಸಲಿ. ಅಧ್ಯಾಪಕರು ಮತ್ತು ಕಚೇರಿ ಸಿಬ್ಬಂದಿಯ ಕುಟುಂಬಗಳು ಮನೆ ಹುಡುಕುತ್ತಿದ್ದರೆ ಎರಡು ಒಳ್ಳೆಯ ಮನೆ ಕಟ್ಟುವುದು ನಾಲ್ಕು ಕೋಣೆಯ ಸಾಲುಮನೆಗಿಂತ ಭದ್ರ. 40 ಸೆಂಟ್ಸಿನಲ್ಲಿ ಅದಕ್ಕೆ ಹತ್ತು ಸೆಂಟ್ಸ್ ಸಾಕು. ಉಳಿದ ಮರಗಳಿಗೆ ಕತ್ತಿ ತಾಗಿಸುವ ಅಗತ್ಯ ಈಗಂತೂ ಇಲ್ಲ.

ಪ್ರಶ್ನೆ: ಮೂಡುಬಿದಿರೆಯಲ್ಲಿ ಅಖಿಲ ಭಾರತ ಕ್ರೀಡಾಕೂಟಗಳು ನಡೆಯುತ್ತವೆ. ನಮ್ಮ ಮಕ್ಕಳು ಗಡಿ ದಾಟಿ ಅಲ್ಲಿಗೆ ಹೋಗುತ್ತಾರೆ. ಮಂಜೇಶ್ವರದಲ್ಲಿ ಅಂಥದ್ದು ಆಗದಿರಲು ಕಾರಣವೇನು? — ಮಂಜೇಶ್ವರ

ಉತ್ತರ: ಮೂಡುಬಿದಿರೆಯಲ್ಲಿ ಖಾಸಗಿ ಶಿಕ್ಷಣ ಸಂಸ್ಥೆಯಾದ ಆಳ್ವಾಸ್, ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಶುಲ್ಕ, ಊಟ, ವಸತಿ ಕೊಡುವ ಪದ್ಧತಿಯನ್ನು ವರ್ಷಗಳಿಂದ ನಡೆಸಿಕೊಂಡು ಬಂದಿದೆ. ಸ್ವರಾಜ್ಯ ಮೈದಾನದಲ್ಲಿ ಸಿಂಥೆಟಿಕ್ ಟ್ರ್ಯಾಕ್ ಬಂದದ್ದರಿಂದ 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಅಥ್ಲೆಟಿಕ್ಸ್ ಕೂಟ ಅಲ್ಲಿ ನಡೆಯಿತು. 2022ರಲ್ಲಿ ಮತ್ತೊಮ್ಮೆ ನಡೆಯಿತು. ಸಾವಿರ ಕಂಬದ ಬಸದಿಯ ಆ ಊರಿಗೆ ಹೊಸ ಹೆಸರು ಬಂದದ್ದು ನಿಜ, ಆದರೆ ಅಲ್ಲಿಯೂ ಪೇಟೆಯನ್ನು ನಡೆಸುತ್ತಿರುವವರು ಓಟಗಾರರಲ್ಲ. ಅದೇ ಸಂಸ್ಥೆಯಲ್ಲಿ ಪಿಯುಸಿ, ಇಂಜಿನಿಯರಿಂಗ್ ಓದಲು ಬಂದ, ಶುಲ್ಕ ಕಟ್ಟುವ ಸಾವಿರಾರು ಮಕ್ಕಳು. ಕೇರಳದ ಕೋತಮಂಗಲವನ್ನೂ ಇದರ ಪಕ್ಕದಲ್ಲಿಟ್ಟು ನೋಡಬಹುದು. ಅಲ್ಲಿನ ಶಾಲೆಗಳು ರಾಜ್ಯ ಶಾಲಾ ಕ್ರೀಡಾಕೂಟದಲ್ಲಿ ವರ್ಷಾನುಗಟ್ಟಲೆ ಪರಸ್ಪರ ಪೈಪೋಟಿ ನಡೆಸಿದವು, ಪದಕಗಳ ರಾಶಿ ಬಿದ್ದಿತು. ಊರು ಮಾತ್ರ ಬೆಳೆದದ್ದು ರಬ್ಬರ್, ಮರದ ವ್ಯಾಪಾರ ಮತ್ತು ಹೈರೇಂಜ್ ಎಂಬ ಬೆಟ್ಟಸೀಮೆಗೆ ಹೋಗುವ ದಾರಿಯಿಂದ.

ಮಂಜೇಶ್ವರದಲ್ಲಿ 1980ರಿಂದ ಗೋವಿಂದ ಪೈ ಅವರ ಹೆಸರಿನ ಸರ್ಕಾರಿ ಕಾಲೇಜಿದೆ. ಅದು ಕಣ್ಣೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಸೇರುತ್ತದೆ. ಆ ವಿಶ್ವವಿದ್ಯಾನಿಲಯದ ದೈಹಿಕ ಶಿಕ್ಷಣದ ಕೇಂದ್ರ ಇರುವುದು ದಕ್ಷಿಣಕ್ಕೆ ದೂರದ ಮಾಂಗಾಟ್ಟುಪರಂಬದಲ್ಲಿ. ನಿಮ್ಮ ಮಕ್ಕಳಿಗೆ ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದು ಅದಕ್ಕಿಂತ ಎಷ್ಟೋ ಹತ್ತಿರ, ಭಾಷೆಯೂ ಮನೆಯದೇ. ಹೀಗೆ ಓಡಬಲ್ಲವರು ಒಬ್ಬೊಬ್ಬರಾಗಿ ಆಚೆಗೆ ಹೋದ ಮೇಲೆ ಈಚೆಯ ಮೈದಾನಕ್ಕೆ ತರಬೇತುದಾರ ಯಾಕೆ ಬೇಕು ಎಂದು ಕೇಳುವವರೇ ಉಳಿಯುತ್ತಾರೆ. ಹೋಗುವವರನ್ನು ತಡೆಯಿರಿ ಎಂದು ನಾನು ಹೇಳಲಾರೆ. ಒಂದು ವಿಷಯ ಮಾತ್ರ ಹೆತ್ತವರ ಗಮನದಲ್ಲಿರಲಿ: ಸರ್ಕಾರಿ ಕ್ರೀಡಾ ಕೋಟಾಗಳಲ್ಲಿ ಆಯಾ ರಾಜ್ಯದ ಪರವಾಗಿ ಆಡಿದ್ದಕ್ಕೇ ತೂಕ ಹೆಚ್ಚು. ಮುಂದೆ ಕೇರಳದಲ್ಲಿ ನೌಕರಿಗೆ ಅರ್ಜಿ ಹಾಕುವ ಆಲೋಚನೆ ಇದ್ದರೆ, ಮೂಡುಬಿದಿರೆಗೆ ಸೇರಿಸುವ ಮೊದಲೇ ಯಾವ ಪ್ರಮಾಣಪತ್ರಕ್ಕೆ ಎಲ್ಲಿ ಬೆಲೆ ಎಂದು ಜಿಲ್ಲಾ ಸ್ಪೋರ್ಟ್ಸ್ ಕೌನ್ಸಿಲಿನ ಕಚೇರಿಯಲ್ಲಿ ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ. ಕನ್ನಡದಲ್ಲೇ ಅರ್ಜಿ ಬರೆದುಕೊಡಬಹುದು. ಭಾಷಾ ಅಲ್ಪಸಂಖ್ಯಾತ ಪ್ರದೇಶದವರಾದ ನಿಮಗೆ ಅದರ ಹಕ್ಕಿದೆ.